ಪಾಸ್‌ಪೋರ್ಟ್ ಅರ್ಜಿಯಲ್ಲಿ ಸಣ್ಣಪುಟ್ಟ ಪೊಲೀಸ್ ಪ್ರಕರಣಗಳ ಮಾಹಿತಿ ನೀಡುವ ಕುರಿತು

ಪಾಸ್‌ಪೋರ್ಟ್‌ಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಹಲವರು, ತಮ್ಮ ಮೇಲೆ ಎಂದೋ ದಾಖಲಾದ ಸಣ್ಣ ಪ್ರಕರಣವನ್ನು ಅರ್ಜಿಯಲ್ಲಿ ನಮೂದಿಸಬೇಕೇ, ಬೇಡವೇ ಎಂಬ ಸಂದೇಹಕ್ಕೆ ಒಳಗಾಗುವುದುಂಟು. ಪ್ರತಿಭಟನೆಯಲ್ಲಿ ಭಾಗವಹಿಸಿದ್ದು, ನೆರೆಹೊರೆಯವರೊಡನೆ ಜಗಳ, ಹಬ್ಬದ ದಿನದ ಅಂದರ್ ಬಾಹರ್, ಸಂಚಾರ ನಿಯಮಗಳ ಉಲ್ಲಂಘನೆ ಮುಂತಾದವು ಈ ಬಗೆಯವು. ದಂಡ ಪಾವತಿಸಿ ಮುಗಿಸಬಹುದಾದ ಪ್ರಕರಣವಾದರೂ, ಅದನ್ನು ಮರೆಮಾಚಿದಲ್ಲಿ ಪಾಸ್‌ಪೋರ್ಟ್ ಜಪ್ತಿಗೂ ಹೊಸ ಮೊಕದ್ದಮೆಗೂ ಕಾರಣವಾಗಬಹುದು. ಆದ್ದರಿಂದ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಕಾನೂನಿನ ಉಪಬಂಧಗಳು

ಪಾಸ್‌ಪೋರ್ಟ್ ಅಧಿನಿಯಮ, 1967ರ ಕಲಂ 6(2)ರನ್ವಯ ಪಾಸ್‌ಪೋರ್ಟ್ ನಿರಾಕರಿಸಲು ಇರುವ ಆಧಾರಗಳಲ್ಲಿ ಮೂರು ಈ ವಿಷಯಕ್ಕೆ ಸಂಬಂಧಿಸಿವೆ.

(ಇ) ಅರ್ಜಿಯ ದಿನಾಂಕಕ್ಕೆ ಹಿಂದಿನ 5 ವರ್ಷಗಳೊಳಗೆ, ನೈತಿಕ ಅಧಃಪತನವನ್ನೊಳಗೊಂಡ ಅಪರಾಧಕ್ಕಾಗಿ ಭಾರತದ ನ್ಯಾಯಾಲಯದಿಂದ ಕನಿಷ್ಠ 2 ವರ್ಷಗಳ ಕಾರಾವಾಸದ ಶಿಕ್ಷೆಗೆ ಗುರಿಯಾಗಿರುವುದು.

(ಎಫ್) ಅರ್ಜಿದಾರರು ಎಸಗಿದ್ದಾರೆನ್ನಲಾದ ಅಪರಾಧದ ಬಗ್ಗೆ ಭಾರತದ ಕ್ರಿಮಿನಲ್ ನ್ಯಾಯಾಲಯದಲ್ಲಿ ವ್ಯವಹರಣೆ ಬಾಕಿ ಇರುವುದು.

(ಜಿ) ನ್ಯಾಯಾಲಯದ ಸಮನ್ಸ್ ಅಥವಾ ವಾರಂಟ್ ಹೊರಡಿಸಲ್ಪಟ್ಟಿರುವುದು, ಅಥವಾ ದೇಶ ಬಿಟ್ಟು ಹೋಗದಂತೆ ನ್ಯಾಯಾಲಯವು ಆದೇಶಿಸಿರುವುದು.

ದಂಡ ಮಾತ್ರ ವಿಧಿಸಲ್ಪಟ್ಟ ಹಳೆಯ ಪ್ರಕರಣವು (ಇ) ಖಂಡದ ವ್ಯಾಪ್ತಿಗೆ ಬರುವುದಿಲ್ಲ. ಆದರೆ (ಎಫ್) ಖಂಡವು ಅಪರಾಧ ಸಣ್ಣದೋ ದೊಡ್ಡದೋ ಎಂಬ ಭೇದವನ್ನು ಮಾಡಿಲ್ಲ. ಮುಖ್ಯವಾದುದು ಪ್ರಕರಣದ ಗಾತ್ರವಲ್ಲ, ಅದು ಈಗ ಯಾವ ಹಂತದಲ್ಲಿದೆ ಎಂಬುದು.

2. ಪ್ರಕರಣದ ಹಂತಗಳು

ಪೊಲೀಸ್ ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಾದ ಮಾತ್ರಕ್ಕೆ, ಅಥವಾ ತನಿಖೆ ನಡೆಯುತ್ತಿರುವ ಮಾತ್ರಕ್ಕೆ, ವ್ಯವಹರಣೆಯು ನ್ಯಾಯಾಲಯದಲ್ಲಿ ಬಾಕಿ ಇದೆ ಎಂದಾಗುವುದಿಲ್ಲ. ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸಿದ ನಂತರವೇ (ಎಫ್) ಖಂಡವು ಅನ್ವಯವಾಗುತ್ತದೆ. ವಿದೇಶಾಂಗ ವ್ಯವಹಾರಗಳ ಸಚಿವಾಲಯವು 10-10-2019ರ ಜ್ಞಾಪನದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ತನಿಖೆಯ ಬಳಿಕ ಪೊಲೀಸರು 'ಬಿ' ವರದಿ ಸಲ್ಲಿಸಿ, ನ್ಯಾಯಾಲಯವು ಅದನ್ನು ಒಪ್ಪಿದಲ್ಲಿ ಪ್ರಕರಣ ಅಲ್ಲಿಗೆ ಮುಕ್ತಾಯಗೊಳ್ಳುತ್ತದೆ.

3. ಸಾಮಾನ್ಯವಾಗಿ ಕಂಡುಬರುವ ಪ್ರಕರಣಗಳು

ಅ) ಸಂಚಾರ ದಂಡ: ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 200ರಡಿ ರಾಜಿ ದಂಡ ಪಾವತಿಸಿದಲ್ಲಿ ಆ ಅಪರಾಧದ ಬಗ್ಗೆ ಮುಂದಿನ ವ್ಯವಹರಣೆ ಇರುವುದಿಲ್ಲ. ಪಾವತಿಸದೆ ನ್ಯಾಯಾಲಯಕ್ಕೆ ಕಳುಹಿಸಲ್ಪಟ್ಟ ಚಲನ್‌ಗಳನ್ನು ಇತ್ಯರ್ಥಪಡಿಸಿಕೊಂಡು ಅರ್ಜಿ ಸಲ್ಲಿಸುವುದು ಸೂಕ್ತ. ಮದ್ಯ ಸೇವಿಸಿ ವಾಹನ ಚಾಲನೆ (ಕಲಂ 185) ರಾಜಿಯಾಗತಕ್ಕ ಅಪರಾಧವಲ್ಲ. ಅದು ನ್ಯಾಯಾಲಯದಲ್ಲಿಯೇ ತೀರ್ಮಾನವಾಗಬೇಕು.

ಆ) ಲಘು ಪ್ರಕರಣಗಳು: ಕರ್ನಾಟಕ ಪೊಲೀಸ್ ಅಧಿನಿಯಮ, 1963ರ ಕಲಂ 87 (ಸಾರ್ವಜನಿಕ ಸ್ಥಳದಲ್ಲಿ ಜೂಜು) ಮತ್ತು ಕಲಂ 92ರಡಿ (ರಸ್ತೆ ಮುಂತಾದೆಡೆ ಉಪದ್ರವ) ದಾಖಲಾದ ಪ್ರಕರಣಗಳಲ್ಲಿ ತಪ್ಪೊಪ್ಪಿ ದಂಡ ಪಾವತಿಸಿದ್ದರೆ ಪ್ರಕರಣ ಮುಗಿದಿರುತ್ತದೆ. ದಂಡದ ರಸೀದಿಯನ್ನು ಕಾಪಾಡಿಕೊಳ್ಳತಕ್ಕದ್ದು.

ಇ) ಪ್ರತಿಭಟನಾ ಪ್ರಕರಣಗಳು: ಮೊಕದ್ದಮೆಯನ್ನು ಹಿಂಪಡೆಯಲು ಸರ್ಕಾರವು ಆದೇಶಿಸಿದೆ ಎಂಬ ಕಾರಣದಿಂದ ಪ್ರಕರಣ ಮುಗಿದಿದೆ ಎಂದು ಹಲವರು ಭಾವಿಸುತ್ತಾರೆ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 321ರಂತೆ, ಹಾಗೂ 01-07-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 360ರಂತೆ, ಹಿಂಪಡೆಯಲು ನ್ಯಾಯಾಲಯದ ಸಮ್ಮತಿ ಅವಶ್ಯ. ಆ ಸಮ್ಮತಿ ದೊರೆಯುವವರೆಗೆ ಪ್ರಕರಣವು ಬಾಕಿ ಇದ್ದಂತೆಯೇ ಸರಿ.

ಈ) ರಾಜಿಯಾದ ಜಗಳಗಳು: ಊರ ಹಿರಿಯರ ಸಮ್ಮುಖದಲ್ಲಿ ಅಥವಾ ಠಾಣೆಯಲ್ಲಿ ಆದ ರಾಜಿಯಿಂದ ಮಾತ್ರವೇ ನ್ಯಾಯಾಲಯದಲ್ಲಿರುವ ಮೊಕದ್ದಮೆ ಮುಕ್ತಾಯವಾಗುವುದಿಲ್ಲ. ರಾಜಿಯಾಗತಕ್ಕ ಅಪರಾಧಗಳಲ್ಲಿ ನ್ಯಾಯಾಲಯದ ಮುಂದೆ ರಾಜಿ ದಾಖಲಾದಲ್ಲಿ ಅದು ಖುಲಾಸೆಯ ಪರಿಣಾಮವನ್ನು ಹೊಂದಿರುತ್ತದೆ.

ಉ) ಶಾಂತಿಪಾಲನೆಯ ಮುಚ್ಚಳಿಕೆ: ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ ಕಲಂ 107ರಡಿ (ಈಗ ಕಲಂ 126) ನಡೆಯುವ ಕ್ರಮವು ಮುನ್ನೆಚ್ಚರಿಕೆಯದೇ ಹೊರತು ಅಪರಾಧದ ವಿಚಾರಣೆಯಲ್ಲ. ಪೊಲೀಸ್ ಪರಿಶೀಲನೆಯ ವೇಳೆ ಕೇಳಿದಲ್ಲಿ ಇದರ ವಿವರವನ್ನು ತಿಳಿಸತಕ್ಕದ್ದು.

4. ಅರ್ಜಿ ಸಲ್ಲಿಸುವ ಮುನ್ನ

ಠಾಣೆಯಲ್ಲೇ ಮುಗಿಯಿತೆಂದು ಮರೆತುಬಿಟ್ಟ ಪ್ರಕರಣದಲ್ಲಿ ತರುವಾಯ ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗಿರಬಹುದು. ವಿಳಾಸ ಬದಲಾದ ಕಾರಣ ಸಮನ್ಸ್ ಜಾರಿಯಾಗದೆ, ವಾರಂಟ್ ಹೊರಟಿರಲೂಬಹುದು. ಆದ್ದರಿಂದ ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಅಥವಾ ಪ್ರಥಮ ವರ್ತಮಾನ ವರದಿಯ ಸಂಖ್ಯೆಯ ಮೂಲಕ ಪ್ರಕರಣದ ಸ್ಥಿತಿಯನ್ನು ಪರಿಶೀಲಿಸಿಕೊಳ್ಳುವುದು ಹಿತಕರ. ಪ್ರಕರಣ ಮುಗಿದಿದ್ದಲ್ಲಿ ತೀರ್ಪಿನ ಅಥವಾ ಅಂತಿಮ ಆದೇಶದ ದೃಢೀಕೃತ ನಕಲನ್ನು ನ್ಯಾಯಾಲಯದಿಂದ ಪಡೆದಿಟ್ಟುಕೊಳ್ಳತಕ್ಕದ್ದು. ಠಾಣೆಯ ದಾಖಲೆಯಲ್ಲಿ ಪ್ರಕರಣವು ಇನ್ನೂ ಬಾಕಿ ಎಂದಿದ್ದರೆ, ಈ ನಕಲನ್ನು ಹಾಜರುಪಡಿಸಿ ಸರಿಪಡಿಸುವಂತೆ ಕೋರಬಹುದು.

5. ಪ್ರಕರಣ ಬಾಕಿ ಇದ್ದಲ್ಲಿ

ಪ್ರಕರಣ ಬಾಕಿ ಇದೆ ಎಂದ ಮಾತ್ರಕ್ಕೆ ಪಾಸ್‌ಪೋರ್ಟ್ ಸಿಗುವುದೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಕೇಂದ್ರ ಸರ್ಕಾರದ 25-08-1993ರ ಅಧಿಸೂಚನೆ ಜಿ.ಎಸ್.ಆರ್. 570(ಇ) ಅನ್ವಯ, ಪ್ರಕರಣ ಬಾಕಿ ಇರುವ ನ್ಯಾಯಾಲಯದಿಂದ ವಿದೇಶಕ್ಕೆ ತೆರಳಲು ಅನುಮತಿಯ ಆದೇಶ ಪಡೆದವರಿಗೆ (ಎಫ್) ಖಂಡದಿಂದ ವಿನಾಯಿತಿ ಇದೆ. ಆದೇಶದಲ್ಲಿ ಪಾಸ್‌ಪೋರ್ಟಿನ ಅವಧಿಯನ್ನು ಸೂಚಿಸಿದ್ದರೆ ಅಷ್ಟು ಅವಧಿಗೆ, ಯಾವ ಅವಧಿಯನ್ನೂ ಸೂಚಿಸದಿದ್ದರೆ 1 ವರ್ಷಕ್ಕೆ ಪಾಸ್‌ಪೋರ್ಟ್ ನೀಡಲಾಗುವುದು. ಆದ್ದರಿಂದ ನ್ಯಾಯಾಲಯಕ್ಕೆ ಸಲ್ಲಿಸುವ ಮನವಿಯಲ್ಲಿಯೇ ಅವಧಿಯನ್ನು ಸ್ಪಷ್ಟವಾಗಿ ಕೋರುವುದು ಲೇಸು. ಕರೆದಾಗ ನ್ಯಾಯಾಲಯದ ಮುಂದೆ ಹಾಜರಾಗುವುದಾಗಿ ಲಿಖಿತ ಮುಚ್ಚಳಿಕೆಯನ್ನೂ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ನೀಡತಕ್ಕದ್ದು.

6. ಮಾಹಿತಿ ಮರೆಮಾಚಿದಲ್ಲಿ

ಪಾಸ್‌ಪೋರ್ಟ್ ಪಡೆಯುವ ಉದ್ದೇಶದಿಂದ, ತಿಳಿದೂ ಸುಳ್ಳು ಮಾಹಿತಿ ನೀಡುವುದು ಅಥವಾ ಮಹತ್ವದ ಮಾಹಿತಿಯನ್ನು ಮರೆಮಾಚುವುದು ಕಲಂ 12(1)(ಬಿ) ಅನ್ವಯ ಅಪರಾಧ. ಇದಕ್ಕೆ 2 ವರ್ಷಗಳವರೆಗಿನ ಕಾರಾವಾಸ, ಅಥವಾ ರೂ. 5,000ದವರೆಗಿನ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದು. ಕಲಂ 10(3)(ಬಿ) ಅನ್ವಯ, ಹಾಗೆ ಪಡೆದ ಪಾಸ್‌ಪೋರ್ಟನ್ನು ಜಪ್ತಿ ಮಾಡಲು ಅಥವಾ ರದ್ದುಪಡಿಸಲು ಅವಕಾಶವಿದೆ. ಉದ್ಯೋಗಕ್ಕೋ ವ್ಯಾಸಂಗಕ್ಕೋ ವಿದೇಶದಲ್ಲಿ ನೆಲೆಸಿರುವಾಗ ಇಂತಹ ಕ್ರಮ ಎದುರಾದಲ್ಲಿ ಆಗುವ ನಷ್ಟ, ಮೂಲ ಪ್ರಕರಣದ ದಂಡಕ್ಕಿಂತ ಎಷ್ಟೋ ಪಾಲು ಹೆಚ್ಚು.

ಆದುದರಿಂದ ಅರ್ಜಿಯ ಪ್ರತಿಯೊಂದು ಪ್ರಶ್ನೆಯನ್ನು ಪೂರ್ಣವಾಗಿ ಓದಿ, ಕೇಳಿದ್ದಕ್ಕೆ ಕೇಳಿದಂತೆ ಉತ್ತರಿಸತಕ್ಕದ್ದು. ಅರ್ಜಿಯನ್ನು ಮಧ್ಯವರ್ತಿಗಳು ಅಥವಾ ಸೇವಾ ಕೇಂದ್ರದವರು ಭರ್ತಿ ಮಾಡಿದರೂ, ಘೋಷಣೆಯು ಅರ್ಜಿದಾರರದೇ ಆಗಿರುತ್ತದೆ. 'ಇಲ್ಲ' ಎಂದು ಗುರುತು ಹಾಕುವ ಮುನ್ನ ಅರ್ಜಿದಾರರು ಸ್ವತಃ ನೋಡಿಕೊಳ್ಳುವುದು.

7. ಅರ್ಜಿ ನಿರಾಕರಿಸಲ್ಪಟ್ಟಲ್ಲಿ

ಪಾಸ್‌ಪೋರ್ಟ್ ಪ್ರಾಧಿಕಾರವು ನಿರಾಕರಣೆಯ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಕೇಳಿದಲ್ಲಿ ಅದರ ಪ್ರತಿಯನ್ನು ನೀಡಬೇಕು. ಸಾರ್ವಜನಿಕ ಹಿತ ಮುಂತಾಗಿ ಕಾನೂನಿನಲ್ಲಿ ಹೇಳಿರುವ ಕೆಲವು ಸಂದರ್ಭಗಳು ಇದಕ್ಕೆ ಹೊರತು. ನಿರಾಕರಣೆಯಿಂದ ಬಾಧಿತರಾದವರು ಕಲಂ 11ರನ್ವಯ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು. ಪ್ರಕರಣ ಮುಗಿದ ಆದೇಶದ ದೃಢೀಕೃತ ನಕಲು ಇಲ್ಲಿಯೂ ಮುಖ್ಯ ದಾಖಲೆಯಾಗಿರುತ್ತದೆ.