ಗಾಲೆ ಕೋಟೆ

ಗಾಲೆ ಕೋಟೆಯು ಶ್ರೀಲಂಕಾದ ನೈಋತ್ಯ ಕರಾವಳಿಯಲ್ಲಿರುವ ಗಾಲೆ ನಗರದ ಐತಿಹಾಸಿಕ ಭಾಗ. ಮೂರು ಕಡೆ ಹಿಂದೂ ಮಹಾಸಾಗರದಿಂದ ಸುತ್ತುವರಿದ ಭೂಶಿರದ ಮೇಲೆ ನಿಂತಿರುವ ಈ ಕೋಟೆಯೊಳಗೆ ಇಂದಿಗೂ ಜನವಸತಿಯಿದೆ. 1988ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಇತಿಹಾಸ

ಯುರೋಪಿಯನ್ನರು ಬರುವುದಕ್ಕೆ ಮೊದಲೇ ಗಾಲೆ ಹೆಸರಾಂತ ಬಂದರಾಗಿತ್ತು. 14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದನು. ಚೀನಾದ ನೌಕಾಧಿಪತಿ ಝೆಂಗ್ ಹೆಗೆ ಸಂಬಂಧಿಸಿದ, 1409ರ ಕಾಲಸೂಚನೆಯುಳ್ಳ ಶಿಲಾಶಾಸನವೊಂದು 1911ರಲ್ಲಿ ಗಾಲೆಯಲ್ಲಿ ದೊರೆಯಿತು. ಚೀನೀ, ತಮಿಳು ಮತ್ತು ಪರ್ಷಿಯನ್ ಭಾಷೆಗಳಲ್ಲಿರುವ ಈ ಶಾಸನವು ಕ್ರಮವಾಗಿ ಬುದ್ಧ, ವಿಷ್ಣು ಹಾಗೂ ಅಲ್ಲಾಹನಿಗೆ ಅರ್ಪಿಸಿದ ಕಾಣಿಕೆಗಳನ್ನು ವಿವರಿಸುತ್ತದೆ. ಇದನ್ನು ಈಗ ಕೊಲಂಬೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಪೋರ್ಚುಗೀಸರು 1588ರಲ್ಲಿ ಇಲ್ಲಿ ಕೋಟೆ ಕಟ್ಟಿದರು. 1640ರಲ್ಲಿ ಅದನ್ನು ವಶಪಡಿಸಿಕೊಂಡ ಡಚ್ಚರು ಭೂಶಿರದ ಸುತ್ತಲೂ ಕಲ್ಲಿನ ಗೋಡೆ ಎತ್ತರಿಸಿದರು. 1796ರಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಮುಂದೆ ಕೊಲಂಬೊ ಬಂದರು ಅಭಿವೃದ್ಧಿ ಹೊಂದಿದಂತೆ ಗಾಲೆಯ ಹಡಗು ಸಂಚಾರ ಕ್ಷೀಣಿಸಿತು.

ರಚನೆ

ಭೂಮಿಯ ಕಡೆಯ ಗೋಡೆಯಲ್ಲಿ ಸೂರ್ಯ, ಚಂದ್ರ, ನಕ್ಷತ್ರ ಎಂಬ ಹೆಸರಿನ ಮೂರು ಬುರುಜುಗಳಿವೆ. ಹಳೆಯ ಹೆಬ್ಬಾಗಿಲಿನ ಒಳಭಾಗದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, ಹುಂಜದ ಚಿತ್ರ ಹಾಗೂ 1669 ಎಂಬ ವರ್ಷವನ್ನು ಕೆತ್ತಲಾಗಿದೆ. ಹೊರಭಾಗದಲ್ಲಿ ಬ್ರಿಟಿಷ್ ರಾಜಲಾಂಛನವಿದೆ. ಡಚ್ಚರು ನೆಲದಡಿ ನಿರ್ಮಿಸಿದ ಚರಂಡಿಗಳನ್ನು ಸಮುದ್ರದ ನೀರಿನಿಂದ ಶುಚಿಗೊಳಿಸುವ ವ್ಯವಸ್ಥೆಯಿತ್ತು. ಡಚ್ ಚರ್ಚು, ಮಸೀದಿ, ಬೌದ್ಧ ಮಂದಿರ ಮತ್ತು 1939ರ ದೀಪಸ್ತಂಭ ಗೋಡೆಯೊಳಗಿನ ಇತರ ಕಟ್ಟಡಗಳು.

ಸುನಾಮಿ ಮತ್ತು ನಂತರ

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕೋಟೆಯ ಹೊರಗಿನ ಗಾಲೆ ನಗರದಲ್ಲಿ ಅಪಾರ ಪ್ರಾಣಹಾನಿಯಾಯಿತು. ಬಸ್ ನಿಲ್ದಾಣ ಹಾಗೂ ಕೋಟೆಯ ಬುಡದಲ್ಲಿರುವ ಕ್ರಿಕೆಟ್ ಮೈದಾನ ಜಲಾವೃತವಾದವು. ಶತ್ರುಗಳ ಫಿರಂಗಿಗೆಂದು ಕಟ್ಟಿದ ಗೋಡೆಗಳು ಅಂದು ಒಳಗಿನ ಪಟ್ಟಣವನ್ನು ಬಹುಮಟ್ಟಿಗೆ ಕಾಪಾಡಿದವು. ಮೈದಾನದಲ್ಲಿ ಟೆಸ್ಟ್ ಪಂದ್ಯಗಳು 2007ರಲ್ಲಿ ಪುನರಾರಂಭಗೊಂಡವು. ಇತ್ತೀಚಿನ ದಶಕಗಳಲ್ಲಿ ಅನೇಕ ಹಳೆಯ ಮನೆಗಳು ಹೋಟೆಲು, ಅಂಗಡಿಗಳಾಗಿ ಮಾರ್ಪಟ್ಟಿವೆ. ಕಟ್ಟಡಗಳೊಂದಿಗೆ ಮೂಲ ನಿವಾಸಿಗಳ ಬದುಕನ್ನೂ ಉಳಿಸಿಕೊಳ್ಳುವುದು ಸಂರಕ್ಷಣೆಯ ಮುಂದಿರುವ ಸವಾಲಾಗಿದೆ.

ಸುತ್ತಮುತ್ತಲ ಪ್ರದೇಶ

ಕೊಲ್ಲಿಯ ಆಚೆಗಿರುವ ರುಮಸ್ಸಲ ಗುಡ್ಡವು ಹನುಮಂತನು ಹೊತ್ತು ತಂದ ಸಂಜೀವಿನಿ ಪರ್ವತದ ತುಣುಕೆಂದು ಸ್ಥಳೀಯರ ನಂಬಿಕೆ. ಅದರ ಸಮೀಪದಲ್ಲಿ ಉಣವಟುನ ಕಡಲತೀರವಿದೆ. ಪೂರ್ವದ ಕೊಗ್ಗಲ ಕರಾವಳಿಯು ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ಕುಳಿತು ಗಾಳ ಹಾಕುವ ಮೀನುಗಾರರಿಂದ ಪ್ರಸಿದ್ಧವಾಗಿದೆ.