ಕರುವಿಗೆಷ್ಟು, ಕೂಸಿಗೆಷ್ಟು

ನಮ್ಮ ಕೊಪ್ಪದ ಕಡೆ ಹಸು ಈದರೆ ಮೊದಲ ಗಿಣ್ಣು ಕರುವಿಗೆ. ಉಳಿದದ್ದು ಮನೆಗೆ, ಅಷ್ಟಿಷ್ಟು ನೆರೆಮನೆಗೆ. ಗಿಣ್ಣಿನ ದಿನಗಳು ಮುಗಿದ ಮೇಲೆ ಲೆಕ್ಕ ಶುರುವಾಗುತ್ತಿತ್ತು. ಕರುವನ್ನು ಕೆಚ್ಚಲಿಗೆ ಬಿಡಬೇಕು, ಹಸು ತೊರೆ ಬಿಟ್ಟ ಕೂಡಲೇ ಎಳೆದು ಗೂಟಕ್ಕೆ ಕಟ್ಟಬೇಕು, ಮೂರು ಮೊಲೆ ಕರೆದು ಒಂದನ್ನು ಅದಕ್ಕೆ ಉಳಿಸಬೇಕು. ಹಿಂದೆ ತೊಟ್ಟಿಲಲ್ಲಿ ಕೂಸು, ಮುಂದೆ ಗೂಟದಲ್ಲಿ ಕರು. ಇಬ್ಬರ ಪಾಲನ್ನೂ ತೀರ್ಮಾನ ಮಾಡುತ್ತಿದ್ದವಳು ಒಬ್ಬಳೇ ಹೆಂಗಸು. ಎರಡು ಮೂರು ಎಕರೆಯ ಒಕ್ಕಲಿನ ಚರಿತ್ರೆ ಬರೆಯುವುದಾದರೆ ಈ ಒಂದು ಮೊಲೆಯ ಲೆಕ್ಕದಿಂದ ಶುರು ಮಾಡಬೇಕು ಅಂತ ನನಗೆ ಅನ್ನಿಸುತ್ತದೆ.

ಅರಮನೆಯ ದನಗಳಿಗೆ ಈ ಲೆಕ್ಕದ ಹಂಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಹೆಸರೇ ಹೇಳುವಂತೆ ಅರಮನೆಯ ಹಾಲು ಬೆಣ್ಣೆಯ ಇಲಾಖೆ. ಹೈದರಾಲಿ ಅದೇ ದನಗಳನ್ನು ಸೈನ್ಯದ ಸಾಗಣೆಗೆ ಹೂಡಿದ. ಟಿಪ್ಪು ಅದನ್ನು ಅಮೃತ ಮಹಲ್ ಎಂದು ಕರೆದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಬ್ರಿಟಿಷರ ಪಾಲಿಗೆ ಬಂದವು. ಇಲ್ಲಿಂದ ಮೈಸೂರಿಗೆ ಹೋಗುವ ದಾರಿಯಲ್ಲೇ ಸಿಗುವ ಹುಣಸೂರು ಅವುಗಳ ಮುಖ್ಯ ಠಾಣೆಯಾಯಿತು. ಖರ್ಚು ಹೆಚ್ಚೆಂದು 1860ರಲ್ಲಿ ಮಂದೆಗಳನ್ನು ಮಾರಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ಆ ಸೈನ್ಯದ ಮಂದೆಗಳಲ್ಲಿ ಹಸುವನ್ನು ಕರೆಯುವ ಪದ್ಧತಿ ಇರಲಿಲ್ಲ. ನಾಲ್ಕು ಮೊಲೆಯೂ ಕರುವಿಗೇ. ಹಾಗೆ ಹಾಲುಂಡ ಕರು ಬೆಳೆದು ಫಿರಂಗಿ ಎಳೆಯಬೇಕಿತ್ತು.

ಒಕ್ಕಲಿನ ಮನೆಯ ಹಸು ಫಿರಂಗಿಗೆ ಎತ್ತು ಹೆರಬೇಕಾಗಿರಲಿಲ್ಲ. ಅದು ನೇಗಿಲಿಗೆ ಎತ್ತು ಕೊಡಬೇಕಿತ್ತು, ತಿಪ್ಪೆಗೆ ಗೊಬ್ಬರ ಕೊಡಬೇಕಿತ್ತು, ಮುದ್ದೆಗೆ ಮಜ್ಜಿಗೆಯನ್ನೂ ಕೊಡಬೇಕಿತ್ತು. ಹಳ್ಳಿಕಾರ್ ಹಸುವಿನ ಹಾಲು ಮೊದಲೇ ಕಡಿಮೆ. ಗಂಡುಗರು ಲಕ್ಷಣವಾಗಿ ಹುಟ್ಟಿದರೆ ಅದಕ್ಕೆ ಇನ್ನೊಂದು ಮೊಲೆಯೂ ಸಿಗುತ್ತಿತ್ತು. ಚುಂಚನಕಟ್ಟೆ ಜಾತ್ರೆಯಲ್ಲಿ ಜೋಡಿ ಕೂಡಿಸಿ ಮಾರಿದರೆ ಸಾಲ ತೀರುತ್ತಿತ್ತು, ಮದುವೆ ನಡೆಯುತ್ತಿತ್ತು. ಕೂಸಿಗೆ ರಾಗಿಸರಿ ಇತ್ತಲ್ಲ. ಇದನ್ನು ಕಲ್ಲುಮನಸ್ಸು ಅನ್ನಬಾರದು. ಕರು ಉಳಿದರೆ ಕೂಸು ಉಳಿಯುತ್ತದೆ ಎಂಬ ಲೆಕ್ಕ ಅದು.

ಆ ಕೂಸು ಆರೇಳು ವರ್ಷಕ್ಕೆ ಬಂದರೆ ಕೈಗೆ ಕೋಲು ಬರುತ್ತಿತ್ತು. ಹೊತ್ತು ಏರುವ ಮುಂಚೆ ದನ ಹೊಡೆದುಕೊಂಡು ಗೋಮಾಳಕ್ಕೆ, ಕಾಡಂಚಿಗೆ ಹೋದರೆ ಸಂಜೆಗೇ ಮನೆ. ಸ್ವಂತ ದನವಿದ್ದ ಮನೆಯ ಮಕ್ಕಳ ಮಾತಾಯಿತು ಇದು. ದನವಿಲ್ಲದ ಮನೆಯ ಮಕ್ಕಳು ಬೇರೆಯವರ ದನ ಕಾದರು. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತ. ಹೊಟ್ಟೆಗೆ ಹಿಟ್ಟು, ವರ್ಷಕ್ಕೊಂದು ಕಂಬಳಿ. ಸಾಲ ಮಾತ್ರ ಹಾಗೇ ನಿಂತಿರುತ್ತಿತ್ತು. ಜೀತ ಪದ್ಧತಿ ರದ್ದಾದ ಕಾಯ್ದೆ ಬಂದದ್ದು 1976ರಲ್ಲಿ. ಚರಿತ್ರೆಯಲ್ಲಿ ಅಮೃತ ಮಹಲಿನ ದನಗಳಿಗೆ ಪುಟಗಟ್ಟಲೆ ಜಾಗವಿದೆ. ಒಡೆಯನ ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಮಲಗಿ ಬೆಳೆದ ಹುಡುಗನಿಗೆ ಒಂದು ಸಾಲೂ ಇಲ್ಲ.

ಲೆಕ್ಕ ಬದಲಾದದ್ದು ಹೊಳೆಯಾಚೆಯಿಂದ. 1955ರಲ್ಲಿ ಕುಶಾಲನಗರದ ಪಕ್ಕದ ಕೂಡಿಗೆಯಲ್ಲಿ ಸಹಕಾರಿ ಡೈರಿ ಶುರುವಾಯಿತು. ಇವತ್ತಿನ ಕರ್ನಾಟಕದ ಹಾಲು ಸಹಕಾರ ಚಳವಳಿಯ ಮೊದಲ ಡೈರಿ ಅದು. ಆಗ ಕಾವೇರಿಯ ಆ ದಡ ಕೊಡಗು ರಾಜ್ಯ, ಈ ದಡ ಮೈಸೂರು ರಾಜ್ಯ. ಮರುವರ್ಷ ಎರಡೂ ಒಂದಾದವು. 1960ರ ಕೊನೆಗೆ ಕೊಪ್ಪದ ಮಗ್ಗುಲಿನ ಬೈಲಕುಪ್ಪೆಗೆ ಟಿಬೆಟಿನ ನಿರಾಶ್ರಿತರು ಬಂದರು. ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡನ್ನು ಕಡಿದು ಮುಸುಕಿನ ಜೋಳ ಬಿತ್ತಿದರು. ಯಾಕ್ ಮೇಯಿಸಿ, ಬೆಣ್ಣೆ ಹಾಕಿದ ಚಹಾ ಕುಡಿದು ಬೆಳೆದ ಜನ ಈ ಸೆಕೆಯಲ್ಲಿ ಹೊಸದಾಗಿ ಸಂಸಾರ ಹೂಡಿದರು. ಒಂದೊಂದು ತಲೆಗೆ ಸಿಕ್ಕಿದ್ದು ಒಂದೊಂದು ಎಕರೆ. ಅವರೂ ನಮ್ಮಂತೆಯೇ ಸಣ್ಣ ಒಕ್ಕಲು.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಡೈರಿ ಯೋಜನೆ ಬಂತು, 1984ರಲ್ಲಿ ಹಾಲು ಮಹಾಮಂಡಳ. ಜೊತೆಗೇ ಹಳ್ಳಿಗೆ ಸೀಮೆ ಹಸುವೂ ಬಂತು. ಅದನ್ನು ಗೋಮಾಳಕ್ಕೆ ಹೊಡೆದುಕೊಂಡು ಹೋಗಿ ಸಾಕಲಾಗದು. ಕಟ್ಟಿದಲ್ಲೇ ಹುಲ್ಲು, ಹಿಂಡಿ, ಬೂಸಾ, ನೀರು. ದನ ಕಾಯುವ ಹುಡುಗನ ಕೋಲು ಮೂಲೆ ಸೇರಿತು. ಮಕ್ಕಳು ಶಾಲೆಗೆ ಹೋದದ್ದು ಕಾನೂನಿನಿಂದ, ಬಿಸಿಯೂಟದಿಂದ ಅನ್ನುತ್ತೇವೆ. ನಿಜವೇ. ಹಸು ಕೊಟ್ಟಿಗೆಯಲ್ಲಿ ನಿಂತದ್ದೂ ಒಂದು ಕಾರಣ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮಗು ಬಿಟ್ಟುಹೋದ ಕೆಲಸ ಎಲ್ಲಿಗೂ ಹೋಗಲಿಲ್ಲ, ಅವ್ವನ ತಲೆಗೆ ಬಂತು. ಹುಲ್ಲು ಕೊಯ್ದು ಹೊರುವುದು, ಸಗಣಿ ಬಾಚುವುದು, ದಿನಕ್ಕೆರಡು ಹೊತ್ತು ಕ್ಯಾನು ಹಿಡಿದು ಡೈರಿಗೆ ಓಡುವುದು. ಬದಲಿಗೆ ಬಟವಾಡೆಯ ದುಡ್ಡು ಅವಳ ಕೈಗೆ ಬಂತು. ಎತ್ತು ಮಾರಿದ ದುಡ್ಡು ಯಾವತ್ತೂ ಗಂಡಸರ ಕೈ ದಾಟಿರಲಿಲ್ಲ.

ಆದರೆ ಡೈರಿಗೆ ಹಾಕಿದರೆ ದುಡ್ಡಾಗುವ ಹಾಲು ಮನೆಯ ಮಕ್ಕಳ ಲೋಟಕ್ಕೆ ಸುಲಭವಾಗಿ ಬೀಳುವುದಿಲ್ಲ. 2013ರ ಆಗಸ್ಟ್‌ನಲ್ಲಿ ಸರ್ಕಾರ ಕ್ಷೀರಭಾಗ್ಯ ತಂದಿತು. ಹಾಲಿನ ಪುಡಿ ಕದಡಿ, ಶಾಲೆಯಲ್ಲಿ ಒಬ್ಬೊಬ್ಬರಿಗೆ 150 ಮಿಲಿ. ಬೆಳಗಿನ ಜಾವ ಹಟ್ಟಿಯಿಂದ ಹೊರಟ ಹಾಲು ಡೈರಿ ಸುತ್ತಿ, ಪುಡಿಯಾಗಿ, ಅದೇ ಊರಿನ ಮಗುವಿನ ಲೋಟಕ್ಕೆ ಬಂದು ಸೇರಿತು. ದೊಡ್ಡ ಸುತ್ತು. ಆದರೂ ಕೂಸಿನ ಪಾಲು ಸರ್ಕಾರದ ಕಾಗದದಲ್ಲಿ ಬರೆಸಿಕೊಂಡಿತು. ದನವಿಲ್ಲದ ಮನೆಯ ಕೂಸಿಗೂ ಅಷ್ಟೇ ಪಾಲು.

ಉಳಿದದ್ದು ಕರು. ಟ್ರ್ಯಾಕ್ಟರು ಬಂದ ಮೇಲೆ ಸೀಮೆ ಹಸುವಿನ ಗಂಡುಗರು ಯಾರಿಗೂ ಬೇಡ. ಉಳುವುದಕ್ಕಿಲ್ಲ, ಜಾತ್ರೆಯಲ್ಲಿ ಕೇಳುವವರಿಲ್ಲ. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಅದನ್ನು ಕಡಿಯಬಾರದು ಎನ್ನುತ್ತದೆ. ಅದರ ಹೊಟ್ಟೆಯ ಖರ್ಚು ಮಾತ್ರ ಸಾಕಿದವರದೇ. ಹಿಂದೆ ಎರಡು ಮೊಲೆ ಪಡೆಯುತ್ತಿದ್ದದ್ದು ಈ ಗಂಡುಗರುವೇ. ಈಗ ಡೈರಿ ಕ್ಯಾನು ತುಂಬಿದ ಮೇಲೆ ಬಕೆಟ್ಟಿನ ತಳದಲ್ಲಿ ಏನಾದರೂ ಮಿಕ್ಕಿದ್ದರೆ ಅದೇ ಅದರ ಪಾಲು.