ಮೀನುತೊಟ್ಟಿಯ ಜೈವಿಕ ಹದ

ಅಕ್ವೇರಿಯಂಗೆ ಮೀನು ಬಿಡುವ ಮೊದಲು, ಅಮೋನಿಯವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ಅದರಲ್ಲಿ ನೆಲೆಗೊಳಿಸುವ ಕ್ರಿಯೆ. ಇವು ಬಹುಪಾಲು ಫಿಲ್ಟರಿನ ಸ್ಪಂಜು, ತಳದ ಜಲ್ಲಿಗಳ ಮೇಲಿನ ಲೋಳೆಪದರದಲ್ಲಿ ಬದುಕುತ್ತವೆ. ಆದ್ದರಿಂದ ಹಳೆಯ ತೊಟ್ಟಿಯ ನೀರು ತಂದು ಸುರಿದರೆ ಪ್ರಯೋಜನ ಅಲ್ಪ. ಅದರ ಸ್ಪಂಜು ತಂದಿಟ್ಟರೆ ಕಾಯುವ ಅವಧಿ ಬಹಳ ಕುಗ್ಗುತ್ತದೆ.

ಈ ಕಾಯುವಿಕೆಯೇ ಈ ಜೀವಿಗಳ ಶೋಧನೆಗೆ ದಾರಿ ತೋರಿತು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಕೊಳಚೆ ನೀರನ್ನು ಮರಳಿನ ಮೂಲಕ ಹಾಯಿಸಿದಾಗ, ಸುಮಾರು 20 ದಿನ ಕಳೆದ ಮೇಲಷ್ಟೇ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಆವಿ ಸೋಕಿಸಿದೊಡನೆ ನಿಂತಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಈ ವಿಳಂಬಕ್ಕೆ ಕಾರಣವಿರಲಿಲ್ಲ. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಜ್ಯೂರಿಕ್‌ನಲ್ಲಿ ಸಾವಯವ ಆಹಾರವಿಲ್ಲದ ಮಾಧ್ಯಮದಲ್ಲಿ ಈ ಜೀವಿಗಳನ್ನು ಬೇರ್ಪಡಿಸಿದರು. ಮುಂದೆ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಗಳೇ ಅಕ್ವೇರಿಯಂ ಕೈಪಿಡಿಗಳನ್ನು ಆಳಿದವು. ಆದರೆ 1998ರಲ್ಲಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ಮಾರ್ಪಡಿಸುವುದು ನೈಟ್ರೊಸ್ಪೈರಾ ಎಂದು ತೋರಿಸಿದರು. 2005ರಲ್ಲಿ ಸಿಯಾಟಲ್ ಅಕ್ವೇರಿಯಂನ ಜಲ್ಲಿಯಿಂದ ಅಮೋನಿಯ ಬಳಸುವ, ಬ್ಯಾಕ್ಟೀರಿಯವಲ್ಲದ ಆರ್ಕಿಯ ಗುಂಪಿನ ಜೀವಿಯೊಂದು ದೊರಕಿತು. 2015ರಲ್ಲಿ ಎರಡೂ ಹಂತಗಳನ್ನು ತಾನೊಂದೇ ಪೂರೈಸುವ ನೈಟ್ರೊಸ್ಪೈರಾ ವರದಿಯಾಯಿತು. ಯಾವ ಜೀವಿ ಮೇಲುಗೈ ಪಡೆಯುವುದೆಂಬುದು ಅಮೋನಿಯದ ಪ್ರಮಾಣದಂಥ ಸ್ಥಿತಿಗಳನ್ನು ಅವಲಂಬಿಸಿದಂತೆ ತೋರುತ್ತದೆ. ಹಾಗಿರುವಾಗ ತೊಟ್ಟಿಯ ಸಿದ್ಧತೆಯನ್ನು ಮಾರಾಟದ ಬ್ಯಾಕ್ಟೀರಿಯ ಬಾಟಲಿಯ ಹೆಸರುಪಟ್ಟಿಯಿಂದಾಗಲಿ ಕಳೆದ ವಾರಗಳಿಂದಾಗಲಿ ಅಳೆಯಲಾಗದು. ನಡೆದ ಕೆಲಸದಿಂದಲೇ ಅಳೆಯಬೇಕು. ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಹಾಕಿ, 24 ಗಂಟೆಗಳಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಶೂನ್ಯಕ್ಕಿಳಿದು ನೈಟ್ರೇಟ್ ಏರಿದ್ದರೆ ತೊಟ್ಟಿ ಹದಗೊಂಡಿದೆ. ಸಾಮಾನ್ಯವಾಗಿ ಇದಕ್ಕೆ 4ರಿಂದ 6 ವಾರ ಹಿಡಿಯುತ್ತದೆ. ಬಾಟಲಿಯ ಬ್ಯಾಕ್ಟೀರಿಯ ಇದನ್ನು ಕಡಿಮೆ ಮಾಡಬಹುದು, ಆದರೂ ಪರೀಕ್ಷೆ ತಪ್ಪದು.

ಗಟ್ಟಿ ಜಾತಿಯ ಒಂದೆರಡು ಮೀನುಗಳನ್ನೇ ಬಿಟ್ಟು ಹದಗೊಳಿಸಬಹುದಲ್ಲ ಎಂಬ ವಾದ ಹಳೆಯದು. ಅವು ಬದುಕುಳಿಯುವುದುಂಟು, ಬದುಕುಳಿದದ್ದು ಹಾನಿಯಾಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅಮೋನಿಯ ಕಿವಿರುಗಳನ್ನು ಸುಡುತ್ತದೆ, ನೈಟ್ರೈಟ್ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಮೀನಿಲ್ಲದೆಯೇ ಸಾಧ್ಯವಿರುವಾಗ ಈ ಹಿಂಸೆಗೆ ಸಮರ್ಥನೆಯಿಲ್ಲ.

ನೀರಿನ ಗುಣವೂ ಮುಖ್ಯ. ನಲ್ಲಿ ನೀರಿನ ಕ್ಲೋರಿನ್ ಈ ಜೀವಿಗಳನ್ನು ಕೊಲ್ಲುತ್ತದೆ. 1 ಮಿಲಿಗ್ರಾಂ ಅಮೋನಿಯ-ನೈಟ್ರೋಜನ್ ಮಾರ್ಪಡಲು ಸುಮಾರು 7 ಮಿಲಿಗ್ರಾಂ ಕ್ಷಾರತೆ ವ್ಯಯವಾಗುವುದರಿಂದ, ಮೆದು ನೀರಿನಲ್ಲಿ ಪಿಎಚ್ ಕುಸಿದು ಕ್ರಿಯೆ ಸ್ಥಗಿತಗೊಳ್ಳಬಹುದು. ಕ್ಷಾರತೆ ಹೆಚ್ಚಿರುವ ಕೊಳವೆಬಾವಿ ನೀರಿಗೆ ಆ ತೊಡಕಿಲ್ಲ; ಆದರೆ ಅಲ್ಲಿ ಪಿಎಚ್ ಹೆಚ್ಚಿದ್ದರೆ ಅಪಾಯ ಬೇರೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಟ್ಟು ಅಮೋನಿಯದ ವಿಷಕಾರಿ ಅಂಶ ಪಿಎಚ್ 7ರಲ್ಲಿ ಶೇ. 1ಕ್ಕಿಂತ ಕಡಿಮೆಯಿದ್ದರೆ, 8ರಲ್ಲಿ ಶೇ. 5ರಷ್ಟಾಗುತ್ತದೆ.